ಚಾರ್ಟ್‌ನ ಅಂಕ ಮಂಟಪದಲ್ಲಿ ನಡೆಯದು

ಮಾನ್ಯ ಸಂಪಾದಕರಿಗೆ,

ಮದುವೆ ಸುಗ್ಗಿ ಶುರುವಾಗುವ ಮುಂಚೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಎಷ್ಟೋ ಹುಡುಗರು ಯೂಟ್ಯೂಬ್‌ನ ಕ್ಯಾಮೆರಾ ಹೋಲಿಕೆ ವಿಡಿಯೊ ನೋಡಿ, ಸಾಲ ಮಾಡಿ ಹೊಸ ಕ್ಯಾಮೆರಾ ಬಾಡಿ, ಲೆನ್ಸ್ ಕೊಳ್ಳುತ್ತಾರೆ. ಆ ವಿಡಿಯೊಗಳಲ್ಲಿನ ಪರೀಕ್ಷೆಗಳ ಫಲಿತಾಂಶ ಅವು ನಡೆದ ಸ್ಥಿತಿಗಷ್ಟೇ ಅನ್ವಯ. ಕೊಳ್ಳುವವರಿಗೆ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ.

ಒಂದೂವರೆ ಮೀಟರ್ ಅಗಲದ ಚಾರ್ಟ್ (ಲೆನ್ಸಿನ ಸ್ಪಷ್ಟತೆ ಅಳೆಯಲು ಗೆರೆ, ಗುರುತು ಮುದ್ರಿಸಿದ ಹಾಳೆ), ಫುಲ್‌ಫ್ರೇಮ್ (36×24 ಎಂಎಂ ಸೆನ್ಸರ್ ಇರುವ) ಬಾಡಿ, 16 ಎಂಎಂ ಲೆನ್ಸ್ ಎಂದಿಟ್ಟುಕೊಳ್ಳಿ. ಚಾರ್ಟ್ ಚೌಕಟ್ಟು ತುಂಬಬೇಕಾದರೆ ಕ್ಯಾಮೆರಾ ಮುಕ್ಕಾಲು ಮೀಟರ್‌ಗಿಂತಲೂ ಹತ್ತಿರ ಇರಬೇಕು. ಅದೇ ಲೆನ್ಸಿನಲ್ಲಿ ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯನ್ನು ಇಪ್ಪತ್ತು ಮೀಟರ್ ದೂರದಿಂದ ತೆಗೆದಾಗ ಅಂಚುಗಳ ಸ್ಪಷ್ಟತೆ ಬೇರೆಯೇ ಆಗಿರಬಹುದು. ಲೆನ್ಸಿನ ಫೋಕಸ್ ತಲ, ಅಂದರೆ ಚಿತ್ರ ಸ್ಪಷ್ಟವಾಗಿ ಮೂಡುವ ಮಟ್ಟ, ಸ್ವಲ್ಪ ಬಾಗಿರುತ್ತದೆ, ಆ ಬಾಗು ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ಚಾರ್ಟ್ ಮಾತ್ರ ಸಪಾಟು.

ಇನ್ನೂ ದೊಡ್ಡ ತೊಡಕೆಂದರೆ, ಬಹುತೇಕರು ಪರೀಕ್ಷಿಸುವುದು ಒಂದೇ ಒಂದು ಪ್ರತಿಯನ್ನು. ಅದೇ ಮಾದರಿಯ ನಿಮ್ಮ ಲೆನ್ಸಿನಲ್ಲಿ ಒಳಗಿನ ಗಾಜೊಂದು ಕೂದಲೆಳೆಯಷ್ಟು ಸರಿದಿದ್ದರೂ ಒಂದು ಮೂಲೆ ಮಸುಕಾಗುತ್ತದೆ. ಇದನ್ನು ಅಂಗಡಿಯವರು ಬದಲಿಸಿಕೊಡುವ ಅವಧಿ ಮುಗಿಯುವ ಮುಂಚೆಯೇ ನೋಡಿಕೊಳ್ಳಬೇಕು. ಬಿಸಿಲೇರುವ ಮೊದಲು, ಟ್ರೈಪಾಡ್ ಮೇಲೆ, ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ, ಐಎಸ್‌ಒ (ಬೆಳಕಿನ ಸಂವೇದನೆ) 100, ಎರಡು ಸೆಕೆಂಡ್ ಟೈಮರ್, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು ದೂರದ ಮೊಬೈಲ್ ಟವರ್ ಒಂದನ್ನು ನಡುವಿಗೆ ತಂದು ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ನೇರ ನೋಟದಲ್ಲಿ) ಹಿಗ್ಗಿಸಿ ಫೋಕಸ್ ಮಾಡಿ. ಆಮೇಲೆ ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿ, ಮುಟ್ಟದೆ, ಟವರ್ ನಾಲ್ಕೂ ಮೂಲೆಗೆ ಬರುವಂತೆ ಒಂದೊಂದು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ತೆರನಾಗಿ ಮೆತ್ತಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಒಂದೇ ಮೂಲೆ ಕೆಟ್ಟಿದ್ದರೆ ಪ್ರತಿಯೇ ದೋಷದ್ದು, ಬದಲಿಸಿಕೊಳ್ಳಿ. ಜೂಮ್ ಲೆನ್ಸ್ ಆದರೆ ಎರಡೂ ತುದಿಯಲ್ಲಿ ನೋಡಬೇಕು.

ಪರದೆಯ ಮೇಲೆ ಶೇ 100ಕ್ಕೆ (ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್ಲಿಗೆ ಸಮನಾಗುವಂತೆ) ಹಿಗ್ಗಿಸಿ ಹೋಲಿಸುವುದೂ ದಾರಿ ತಪ್ಪಿಸುತ್ತದೆ. ಹಾಗೆ ನೋಡುವಾಗ 45 ಮೆಗಾಪಿಕ್ಸೆಲ್ ಚಿತ್ರ 24ರದ್ದಕ್ಕಿಂತ ಉದ್ದ, ಅಗಲ ಎರಡರಲ್ಲೂ ಸುಮಾರು 1.4 ಪಟ್ಟು ದೊಡ್ಡದಾಗಿರುವುದರಿಂದ ಅದರ ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳು ಚುಕ್ಕೆ), ಅಲುಗಾಟ ಹೆಚ್ಚು ಕಾಣುತ್ತವೆ. ಎರಡನ್ನೂ ಒಂದೇ ಅಳತೆಗೆ ತಂದು ನೋಡಬೇಕು. ಅಷ್ಟಕ್ಕೂ ಆಲ್ಬಮ್ಮಿನ 12×18 ಇಂಚಿನ ಪುಟಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಬೇಕಾಗುವುದು 3600×5400 ಪಿಕ್ಸೆಲ್, ಅಂದರೆ ಇಪ್ಪತ್ತು ಮೆಗಾಪಿಕ್ಸೆಲ್ಲಿಗೂ ಕಡಿಮೆ.

ಕಲ್ಯಾಣ ಮಂಟಪದ ಕಷ್ಟ ಯಾವ ಚಾರ್ಟಿನಲ್ಲೂ ಇಲ್ಲ. ಬಾಸಿಂಗದ ಎಳೆಗಳು ಮದುಮಗಳ ಕಣ್ಣ ಮುಂದೆ ತೂಗುತ್ತಿರುತ್ತವೆ. ಅಂತರಪಟ ಸರಿದ ಕೂಡಲೇ ಅಕ್ಕಿಕಾಳು ಗಾಳಿಯಲ್ಲಿ ತುಂಬಿ, ಫೋಕಸ್ ಮುಖ ಬಿಟ್ಟು ಕಾಳನ್ನು ಹಿಡಿಯಲು ಓಡುತ್ತದೆ. ಸ್ಟುಡಿಯೊದಲ್ಲಿ ಒಂಟಿ ಮಾಡೆಲ್ ನಡೆದು ಬರುವುದನ್ನು ಹಿಂಬಾಲಿಸಿದ ಫೋಕಸ್ ಇಲ್ಲಿ ಹೇಗೆ ವರ್ತಿಸುತ್ತದೆಂದು ಆ ವಿಡಿಯೊದಿಂದ ತಿಳಿಯಲಾರದು. ದೀಪಗಳದ್ದು ಮತ್ತೊಂದು ಗೋಳು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಅಡ್ಡ ಪಟ್ಟೆಗಳು ಮೂಡುತ್ತವೆ. ಅಂಥಲ್ಲಿ ಮೆಕ್ಯಾನಿಕಲ್ ಶಟರ್, 1/100 ಅಥವಾ 1/50 ಸೆಕೆಂಡಿನ ಶಟರ್ ವೇಗ ಸಾಮಾನ್ಯವಾಗಿ ಕಾಪಾಡುತ್ತದೆ. ವೇದಿಕೆ ಹಿಂದಿನ ಎಲ್‌ಇಡಿ ಪರದೆಯ ಮಿಣುಕು ಬೇರೆ ಲೆಕ್ಕದ್ದು, ಅದಕ್ಕೆ ಶಟರ್ ವೇಗವನ್ನು ಅಲ್ಲೇ ಹೊಂದಿಸಿಕೊಳ್ಳಬೇಕು. ಹಾಗಾಗಿ ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ಮುಹೂರ್ತದ ಹೊತ್ತಿನಲ್ಲೇ, ಹಳೆಯ ಕ್ಯಾಮೆರಾವನ್ನೂ ಜೊತೆಗಿಟ್ಟುಕೊಂಡು, ನೋಡುವುದು ಒಳ್ಳೆಯದು.

ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ತೆಗೆಯಲು ಉದ್ದದ ಲೆನ್ಸ್ ಹುಡುಕುವವರೂ ಗಮನಿಸಲಿ: ಮಧ್ಯಾಹ್ನ ಕಾದ ನೆಲದಿಂದೇಳುವ ಬಿಸಿಗಾಳಿಯ ಅಲೆ ದುಬಾರಿ ಲೆನ್ಸನ್ನೂ ಮಂಕು ಮಾಡುತ್ತದೆ.

ಪತ್ರಿಕೆಯಲ್ಲಿ ಕ್ಯಾಮೆರಾ ಹೋಲಿಕೆ ಪ್ರಕಟಿಸುವಾಗ ಪರೀಕ್ಷೆಯ ದೂರ, ಅಪರ್ಚರ್, ಬೆಳಕು, ಎಷ್ಟು ಪ್ರತಿ ನೋಡಿದರು, ಚಿತ್ರ ರಾ ಕಡತದ್ದೋ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಜೆಪೆಗ್‌ನದ್ದೋ ಎಂಬುದನ್ನು ಅಂಕಗಳ ಪಕ್ಕದಲ್ಲೇ ಮುದ್ರಿಸಬೇಕೆಂದು ಕೋರುತ್ತೇನೆ.

— ಒಬ್ಬ ಛಾಯಾಗ್ರಾಹಕ, ಗದಗ-ಬೆಟಗೇರಿ