ಬೊಡ್ಡೆಗಳು ಕಾಣುವಾಗಲೇ ಗುರುತು ಹಾಕಿಸಿ: ಶಿವಮೊಗ್ಗ ಜಿಲ್ಲಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ,

ನಮಸ್ಕಾರಗಳು. ನಾನು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ದಂಡೆಯಲ್ಲಿ ಇರುವವನು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ದೋಣಿ ಕಟ್ಟುತ್ತಿದ್ದ ಜಾಗದಲ್ಲಿ ಈಗ ಎಮ್ಮೆಗಳು ಮೇಯುತ್ತಿವೆ. ನೀರು ಮುಟ್ಟಬೇಕಾದರೆ ಬಿರುಕು ಬಿಟ್ಟ ಕೆಸರಿನ ಮೇಲೆ ಅರ್ಧ ಫರ್ಲಾಂಗು ನಡೆಯಬೇಕು. ಅದರಾಚೆ ಕಣ್ಣಿಗೆ ಬೀಳುವುದು ಬೊಡ್ಡೆಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನಿಂತ ನಿಲುವಿನಲ್ಲೇ ಮುಳುಗಿದ ಕಾಡು ಅದು. ಇಷ್ಟು ವರ್ಷ ನೀರಿನಲ್ಲಿದ್ದೂ ಕೊಳೆಯದೆ, ಕಪ್ಪಗೆ, ತುದಿ ಚೂಪಾಗಿ ನಿಂತಿವೆ.

ನೀರು ಪೂರಾ ಇಳಿದಾಗ ಈ ಬೊಡ್ಡೆಗಳು ಅಪಾಯವಲ್ಲ, ಕಣ್ಣಿಗೆ ಕಾಣುತ್ತವೆ. ಜಲಾಶಯ ತುಂಬಿ ಸಮುದ್ರಮಟ್ಟದಿಂದ 1819 ಅಡಿ ಮುಟ್ಟಿದಾಗಲೂ ಬಹಳಷ್ಟು ಕಡೆ ಅಪಾಯವಿಲ್ಲ, ಅವು ಆಳದಲ್ಲಿರುತ್ತವೆ. ಕೊಲ್ಲುವುದು ನಡುವಿನ ದಿನಗಳು. ನೀರು ಬೊಡ್ಡೆಯ ತಲೆಯ ಮೇಲೆ ಒಂದು ಮೊಳ ಮಾತ್ರ ನಿಂತಿರುವಾಗ ಮೇಲಿನಿಂದ ನೋಡಿದವರಿಗೆ ಬರೀ ಕೆರೆಯಂಥ ಶಾಂತ ನೀರು ಕಾಣುತ್ತದೆ.

ಅಂಥ ಒಂದು ದಿನ ನಾನೂ ದೋಣಿಯಲ್ಲಿದ್ದೆ. ಒಂದು ಮದುವೆ ಮುಗಿಸಿ ಹನ್ನೊಂದು ಜನ ಆಚೆ ದಡಕ್ಕೆ ಹೊರಟಿದ್ದೆವು. ನಡುವೆ ಅಡಿಯಿಂದ ಗುದ್ದಿದ ಸದ್ದಾಯಿತು, ಎಂಜಿನ್ ಕಿರುಚಿ ನಿಂತಿತು. ಏನಾಯಿತೆಂದು ನೋಡಲು ಎಲ್ಲರೂ ಒಂದೇ ಬದಿಗೆ ಎದ್ದರು. ಆ ಬದಿಯ ಅಂಚು ನೀರಿಗೆ ನಾಲ್ಕು ಬೆರಳಷ್ಟೇ ಉಳಿಯಿತು. ದೋಣಿಯವನು ಗದರಿಸಿ ಕೂರಿಸದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ಲೈಫ್ ಜಾಕೆಟ್ ಇದ್ದದ್ದು ಮೂರು, ಮೂರೂ ಹಲಗೆಯ ಕೆಳಗೆ. ಒಬ್ಬ ಹುಡುಗ ದಡ ಹತ್ತಿರವೇ ಇದೆಯೆಂದು ಇಳಿಯಲು ಹೋದ. ಕಾಲು ಹೂಳಿನಲ್ಲಿ ತೊಡೆಯವರೆಗೆ ಹೂತುಹೋಗಿ, ಇಬ್ಬರು ಸೇರಿ ಎಳೆದುಕೊಂಡೆವು. ನೀರು ಕಡಿಮೆಯಿದ್ದರೆ ಮುಳುಗುವ ಭಯವಿಲ್ಲ ಎಂದು ನಂಬುವವರಿಗೆ ಆ ಹುಡುಗನ ಮುಖ ತೋರಿಸಬೇಕಿತ್ತು.

ಸಿಗಂದೂರಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಲ್ಲಿ ಲಾಂಚ್‌ಗಾಗಿ ಗಂಟೆಗಟ್ಟಲೆ ಕಾದವರಿಗೆ ಅದು ಎಷ್ಟು ದೊಡ್ಡದೆಂದು ಗೊತ್ತು, ನಾವು ಕೃತಜ್ಞರು. ಆದರೆ ಹಿನ್ನೀರಿನ ಒಳಮೂಲೆಗಳ ಮನೆಗಳಿಗೆ, ಮೀನು ಹಿಡಿಯುವವರಿಗೆ, ಹಿನ್ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದಾಗ ನೋಡಲು ಬರುವವರಿಗೆ ಇಂದಿಗೂ ದೋಣಿ, ತೆಪ್ಪವೇ ಗತಿ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಹಸಿರುಮಕ್ಕಿಯ ಲಾಂಚನ್ನು ನಿಲ್ಲಿಸಿದ್ದುಂಟು. ಸರ್ಕಾರಿ ಲಾಂಚ್‌ಗೆ ಆ ವಿವೇಕ ಇದೆ. ಚಿಕ್ಕ ದೋಣಿಗೆ ‘ಸಾಕು, ನಿಲ್ಲಿಸು’ ಎಂದು ಹೇಳುವವರು ಯಾರೂ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮುಂಗಾರು ಹಿಡಿಯುವ ಮೊದಲು ಒಂದು ತಂಡ ಕಳುಹಿಸಿ. ದೋಣಿ ಓಡಾಡುವ ದಾರಿಗಳಲ್ಲಿ ಯಾವ ಬೊಡ್ಡೆ ಎಲ್ಲಿದೆ, ಅದರ ತಲೆ ಎಷ್ಟು ಅಡಿಯ ಮಟ್ಟದಲ್ಲಿ ಮುಳುಗುತ್ತದೆ ಎಂದು ಬರೆಸಿ. ಜೊತೆಗೆ ಊರಿನ ಹಳೆಯ ದೋಣಿಯವರನ್ನು ಕರೆದುಕೊಳ್ಳಿ, ಅರ್ಧ ನಕ್ಷೆ ಅವರ ತಲೆಯಲ್ಲೇ ಇದೆ. ದಾರಿಗೆ ಅಡ್ಡವಿರುವ ಬೊಡ್ಡೆಗಳನ್ನು ಬುಡಕ್ಕೆ ಕೊಯ್ಯಿಸಿ. ಕೊಯ್ಯಲಾಗದಿದ್ದರೆ ಕೆಂಪು ಬಣ್ಣ ಬಳಿದ ಖಾಲಿ ಡ್ರಮ್ ಕಟ್ಟಿಸಿ. ಜುಲೈ ಬಂದರೆ ನೀರು ದಿನಕ್ಕೆ ಅಡಿಗಟ್ಟಲೆ ಏರುತ್ತದೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಅರಣ್ಯ, ಕಂದಾಯ, ಜಲಸಾರಿಗೆ, ವಿದ್ಯುತ್ ನಿಗಮ ಎಲ್ಲರನ್ನೂ ಒಂದೇ ಮೇಜಿಗೆ ಕರೆಯಬಲ್ಲವರು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ನೀವೇ.

ಇನ್ನೊಂದು ಮಾತು. ಜಲಾಶಯದ ಮಟ್ಟವನ್ನು ಪತ್ರಿಕೆಗಳು ವಿದ್ಯುತ್ತಿನ ಲೆಕ್ಕಕ್ಕಾಗಿ ಅಚ್ಚು ಹಾಕುತ್ತವೆ. ಅದೇ ಅಂಕಿ ನಮ್ಮ ಕಡವಿನ ಹಲಗೆಯ ಮೇಲೂ ಬರಲಿ: ಇಷ್ಟು ಅಡಿಗಿಂತ ಕೆಳಗೆ ಎಂಜಿನ್ ದೋಣಿ ಬೇಡ, ಇಷ್ಟರ ಒಳಗೆ ಅರ್ಧ ಜನ ಮಾತ್ರ. ಭಾರ ಹೆಚ್ಚಿದಷ್ಟೂ ದೋಣಿಯ ತಳ ಕೆಳಗಿಳಿಯುತ್ತದೆ. ಹಾಗಾಗಿ ತುಂಬಿದ ಹಿನ್ನೀರಿನಲ್ಲಿ ಹನ್ನೆರಡು ಜನರನ್ನು ಒಯ್ಯುವ ದೋಣಿ ಬೇಸಿಗೆಯಲ್ಲಿ ಆರು ಜನರನ್ನಷ್ಟೇ ಒಯ್ಯಬೇಕು. ಈ ಮಾತನ್ನು ಮೊದಲು ನನಗೆ ಹೇಳಿದವರು ಊರಿನ ಒಬ್ಬ ಅಜ್ಜ. ನೀರು ಇಳಿದ ಕಾಲದಲ್ಲಿ ಅವರು ಮುಂದುಗಡೆ ಒಬ್ಬನನ್ನು ಬಿದಿರಿನ ಗಳ ಕೊಟ್ಟು ಕೂರಿಸದೆ ದೋಣಿ ಬಿಡುತ್ತಿರಲಿಲ್ಲ. ಗಳ ತಳ ಮುಟ್ಟಿದ ಕೂಡಲೇ ಎಂಜಿನ್ ಬಂದ್ ಮಾಡಿ ಹುಟ್ಟು ಹಾಕುತ್ತಿದ್ದರು. ಈಗಿನ ಹುಡುಗರಿಗೆ ಆ ತಾಳ್ಮೆ ಕಡಿಮೆ, ಒಂದು ದಿನದ ತರಬೇತಿ ಕೊಡಿಸಿದರೂ ಉಪಕಾರ. ಲೈಫ್ ಜಾಕೆಟ್ ಕೊಳ್ಳುವ ಶಕ್ತಿ ತೆಪ್ಪದವರಿಗಿಲ್ಲ, ಅದನ್ನು ಪಂಚಾಯಿತಿಯ ಮೂಲಕವೇ ಒದಗಿಸಬೇಕು.

ನಿಮ್ಮ ತಂಡ ಬರುವ ದಿನ ತಿಳಿಸಿದರೆ ನಾನು ಕಡವಿನಲ್ಲಿ ಕಾದಿರುತ್ತೇನೆ. ನಮ್ಮ ದೋಣಿಗೆ ಗುದ್ದಿದ ಬೊಡ್ಡೆ ಸದ್ಯಕ್ಕೆ ನೀರಿನಿಂದ ಎರಡು ಆಳು ಎತ್ತರ ಹೊರಗಿದೆ, ಅಲ್ಲಿಂದಲೇ ಶುರು ಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ಶರಾವತಿ ಹಿನ್ನೀರಿನ ಒಬ್ಬ ನಿವಾಸಿ