ಸಿಲಿಂಡರ್ ಕಟ್ಟಿಕೊಂಡು ತಿರುಗುವವರ ಪತ್ರ

ಶೆನಂಡೋವಾ ಕಣಿವೆ, ವರ್ಜೀನಿಯಾ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ಗಾಡಿಯ ಹಿಂದೆ ಎಳೆದುಕೊಂಡು ತಿರುಗುವ ನಮ್ಮ ಮನೆಯಂಥ ಟ್ರೇಲರಿನ ಫೋಟೋ ನೋಡಿದಾಗಿನಿಂದ ಅಮ್ಮನಿಗೆ ನಿದ್ದೆಯಿಲ್ಲ ಅಂತ ತಮ್ಮ ಹೇಳಿದ. ಎರಡೆರಡು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಅದರಲ್ಲೇ ಮಲಗುತ್ತೀರಾ ಅಂತ ನೀವೂ ಕೇಳಿದ್ದೀರಿ. ಫೋನಿನಲ್ಲಿ ಅಮ್ಮ ಪೂರ್ತಿ ಹೇಳಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಿಲಿಂಡರ್ ಒಳಗಿಲ್ಲ ಅಪ್ಪ. ಟ್ರೇಲರಿನ ಮೂತಿಯ ಮೇಲೆ, ಗಾಡಿಗೆ ಕೊಂಡಿ ಹಾಕುವ ಕಡೆ, ಹೊರಗೇ ಇವೆ. ಒಂದೊಂದರಲ್ಲೂ 20 ಪೌಂಡು, ಅಂದರೆ ಸುಮಾರು 9 ಕಿಲೋ ಪ್ರೊಪೇನ್. ಬಿಸಿಲಿಗೆ ದ್ರವ ಹಿಗ್ಗುತ್ತದೆಂದು ಶೇ. 80ರಷ್ಟು ಮಾತ್ರ ತುಂಬುತ್ತಾರೆ. ತುಂಬುವವನು ಮೈಮರೆತರೂ ಒಳಗಿನ ತೇಲುವ ಬಿರಡೆ ತಡೆಯುತ್ತದೆ. ಸಿಲಿಂಡರ್ ಸಿಡಿಯುತ್ತದೆಂಬ ಅಮ್ಮನ ಭಯ ನನಗೆ ಅಷ್ಟಾಗಿಲ್ಲ.

ನನ್ನ ಭಯ ಫ್ರಿಜ್ಜಿನದು. ಅದು ಗ್ಯಾಸಿನಲ್ಲೂ ನಡೆಯುತ್ತದೆ. ಬೆನ್ನ ಹಿಂದೆ ಸಣ್ಣದೊಂದು ಬೆಂಕಿ ಉರಿಯುತ್ತಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆ ಬೆಂಕಿಯ ಸಮೇತ ಪೆಟ್ರೋಲ್ ಬಂಕಿಗೆ ನುಗ್ಗಿದರೆ ಏನು ಗತಿ? ಓಡುವಾಗ ಟೈರ್ ಸಿಡಿದರೆ ಅದರ ಚೂರು ಬಡಿದು ಕೆಳಗಿನ ಗ್ಯಾಸ್ ಪೈಪು ಹರಿಯುವುದೂ ಉಂಟು. ದಾರಿಯಲ್ಲಿ ಗ್ಯಾಸ್ ತೆರೆದಿಡಬಹುದೇ ಎಂಬುದರಲ್ಲಿ ಇಲ್ಲಿನ ಟ್ರೇಲರಿನವರದೇ ಎರಡು ಪಂಗಡ. ನಾನು ಮುಚ್ಚುವ ಪಂಗಡ. ಹೊರಡುವ ಮುಂಚೆ ಎರಡೂ ವಾಲ್ವ್ ತಿರುಗಿಸುವುದು ನನ್ನ ಕೆಲಸ, ಹಾಲು ಕೆಡುತ್ತದೆಂದು ಗೊಣಗುವುದು ಇವರ ಕೆಲಸ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ಕೆಲವು ಗಂಟೆ ತಣ್ಣಗೇ ಇರುತ್ತದೆ, ಹಾಲು ಇನ್ನೂ ಕೆಟ್ಟಿಲ್ಲ.

ಮುಚ್ಚಿದರೂ ಸಾಲದ ಜಾಗಗಳಿವೆ. ಬಾಲ್ಟಿಮೋರಿನಲ್ಲಿ ಬಂದರಿನ ಕೆಳಗೆ ಹೋಗುವ ಎರಡು ಸುರಂಗಗಳಿವೆ. 10 ಪೌಂಡಿಗಿಂತ ದೊಡ್ಡ ಪ್ರೊಪೇನ್ ಸಿಲಿಂಡರ್ ಇದ್ದವರಿಗೆ ಅವುಗಳಲ್ಲಿ ಪ್ರವೇಶವೇ ಇಲ್ಲ. ಮೊದಲು ಇಂಥವರೆಲ್ಲ ಅಲ್ಲೇ ನೀರಿನ ಮೇಲಿದ್ದ ಕೀ ಸೇತುವೆ ಹತ್ತುತ್ತಿದ್ದರು. 2024ರ ಮಾರ್ಚ್ 26ರಂದು ಹಡಗು ಗುದ್ದಿ ಆ ಸೇತುವೆ ಬಿತ್ತಲ್ಲ, ಟಿವಿಯಲ್ಲಿ ನೀವೂ ನೋಡಿರಬೇಕು. ಈಗ ಊರಿನ ಪಶ್ಚಿಮಕ್ಕೆ ಸುತ್ತುಹಾಕಿಕೊಂಡು 695 ಹೆದ್ದಾರಿಯಲ್ಲಿ ಹೋಗಬೇಕು. ಫೋನಿನ ಮ್ಯಾಪಿಗೆ ನಮ್ಮ ಸಿಲಿಂಡರಿನ ವಿಷಯ ಏನು ಗೊತ್ತು? ಸುರಂಗದ ಕಡೆಗೇ ಕೈ ತೋರಿಸುತ್ತಿತ್ತು. ಇವರು ಮೊದಲೇ ನಿಯಮ ಓದಿಕೊಂಡಿದ್ದರಿಂದ ನೇರ ಸುತ್ತುದಾರಿ ಹಿಡಿದರು.

ಪ್ರೊಪೇನಿಗೆ ತನ್ನದೇ ವಾಸನೆಯಿಲ್ಲ, ಮೂಗಿಗೆ ಬಡಿಯುವುದು ಸೋರಿದ್ದು ಗೊತ್ತಾಗಲೆಂದು ಬೆರೆಸಿದ ಮರ್ಕಾಪ್ಟನ್ ಎಂಬ ನಾತದ ರಾಸಾಯನಿಕ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದರೆ ನೆಲದ ಮೇಲೇ ಹರಡುತ್ತದೆ. ಅದಕ್ಕೇ ಅಲಾರಾಂ ಪಾದದ ಮಟ್ಟದಲ್ಲಿದೆ. ಮೊಮ್ಮಗಳು ತಲೆಗೆ ಸ್ಪ್ರೇ ಹೊಡೆದುಕೊಂಡಾಗಲೂ ಅದು ಅರಚುತ್ತದೆ! ಹಾಗಂತ ಬಾಯಿ ಮುಚ್ಚಿಸುವುದಿಲ್ಲ. ಕೂಗಿದರೆ ಒಲೆ ಆರಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಬಾಗಿಲು ತೆರೆದಿಟ್ಟು ಎಲ್ಲರೂ ಹೊರಗೆ. ಆಮೇಲೆ ವಾಲ್ವ್ ಬಂದ್. ಮಕ್ಕಳಿಗೂ ಇದು ಬಾಯಿಪಾಠ.

ನಿಜವಾಗಿ ಹೆದರಬೇಕಾದ್ದು ಗಾಳಿ ಸಾಲದೆ ಬೆಂಕಿ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಅದಕ್ಕೂ ಅಲಾರಾಂ ಇದೆ, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುತ್ತೇನೆ. ಅಡುಗೆ ಮಾಡುವಾಗ ಕಿಟಕಿ ತೆರೆದಿರಲೇಬೇಕು. ಎಷ್ಟೇ ಚಳಿಯಾಗಲಿ, ಬೆಚ್ಚಗಿರಲೆಂದು ಒಲೆ ಹಚ್ಚಿ ಮಲಗುವಂತಿಲ್ಲ. ಹೀಟರಿನ ಬೆಂಕಿ ಮುಚ್ಚಿದ ಗೂಡಿನಲ್ಲಿ ಉರಿಯುತ್ತದೆ. ಅದರ ಹೊಗೆ ಹೊರಕ್ಕೇ ಹೋಗುತ್ತದೆ, ಒಲೆಯದ್ದು ಹಾಗಲ್ಲ.

ಒಂದು ಸಿಲಿಂಡರ್ ಇವತ್ತು ಖಾಲಿಯಾಯಿತು. ನಾಳೆ ತುಂಬಿಸಿಕೊಂಡು ಬಂದು, ಜೋಡಿಸಿದ ಕಡೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿಯೇ ಮುಂದೆ ಹೊರಡುತ್ತೇವೆ. ಇದನ್ನು ಅಮ್ಮನಿಗೆ ಓದಿ ಹೇಳಿ, ಕಾರ್ಬನ್ ಮಾನಾಕ್ಸೈಡಿನ ಭಾಗ ಬಿಟ್ಟು.

ಇಂತಿ ನಿಮ್ಮ ಪ್ರೀತಿಯ ಮಗಳು