ಮೀನಿನ ಮೈ ಒರೆಸಬೇಡಿ ಅಂತ ಒಂದು ಆದೇಶ ಹೊರಡಿಸಿ, ಸ್ವಾಮಿ

ಮಾನ್ಯ ಮೀನುಗಾರಿಕೆ ಸಚಿವರಿಗೆ,

ನಮಸ್ಕಾರ. ಮೀನು ಸಾಕುವವರ ಮನವಿಗಳು ತಮ್ಮ ಕಚೇರಿಯ ಯಾವ ಕಪಾಟು ಸೇರುತ್ತವೋ ಗೊತ್ತಾಗಲಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ: ಇಲಾಖೆಯವರು ಮೀನು ಮುಟ್ಟುವ ಮುಂಚೆ ಕೈ, ಬಲೆ ಒದ್ದೆ ಮಾಡಿಕೊಳ್ಳಲಿ. ಲ್ಯಾಬ್ ಪರೀಕ್ಷೆ ಇಲ್ಲದೆ ಮೇವಿಗೆ ಆ್ಯಂಟಿಬಯಾಟಿಕ್ ಬರೆಯದಿರಲಿ.

ಹೋದ ಬೇಸಿಗೆಯಲ್ಲಿ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ದಪ್ಪ ದಪ್ಪ ಗೆಂಡೆ ಮೀನುಗಳನ್ನೇ ಹಿಡಿಸಿ, ಬಿಸಿಲಿಗೆ ಕಾದ ಒಣ ತಾಡಪಾಲಿನ ಮೇಲೆ ಸುರಿಸಿದರು. ಆಮೇಲೆ ಫೋಟೊ. "ಲೋಳೆ ಲೋಳೆ ಕಾಣ್ತದೆ, ಒರೆಸ್ರೀ" ಅಂದರು. ಜೊತೆಗೆ ಬಂದಿದ್ದವನು ಟವೆಲ್ ತೆಗೆದು ತಲೆಯಿಂದ ಬಾಲದವರೆಗೆ ತಿಕ್ಕಿ ತಿಕ್ಕಿ ಒರೆಸಿದ. ಬೇಡ ಸಾರ್ ಅಂದೆ. "ಕ್ಲೀನ್ ಆದ್ರೆ ಒಳ್ಳೇದಲ್ವೇನ್ರೀ?" ಅಂತ ನನಗೇ ಕೇಳಿದರು. ಫೋಟೊ ಚೆನ್ನಾಗಿಯೇ ಬಂದಿದೆ, ಬೇಕಿದ್ದರೆ ತರಿಸಿ ನೋಡಿ. ಮೀನಿಗೆ ಮಾತ್ರ ಕೆಲವೇ ದಿನಗಳಲ್ಲಿ ಮೈತುಂಬ ಕೆಂಪು ಹುಣ್ಣು. ಮತ್ತೆ ಅದೇ ಅಧಿಕಾರಿ ಬಂದು, ಒಂದು ಹನಿ ಸ್ಯಾಂಪಲ್ ತೆಗೆಯದೆ, ಇಡೀ ಕೊಳಕ್ಕೆ ಆ್ಯಂಟಿಬಯಾಟಿಕ್ ಬರೆದುಕೊಟ್ಟರು!

ಆ ಟವೆಲ್‌ಗೆ ಅಂಟಿ ಹೋದದ್ದೇನು ಅಂತ ಯಾರಾದರೂ ಅವರಿಗೆ ಹೇಳಬಾರದೇ? ಮೀನಿನ ಚರ್ಮ ಬಿಡುವಿಲ್ಲದೆ ಸ್ರವಿಸುವ ಆ ಲೋಳೆಯಲ್ಲಿ ಪ್ರತಿಕಾಯಗಳಿವೆ, ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕತ್ತರಿಸುವ ಲೈಸೋಜೈಮ್ ಎಂಬ ಕಿಣ್ವ ಇದೆ. ಪೆನಿಸಿಲಿನ್‌ಗಿಂತ ಮೊದಲು, 1922ರಲ್ಲಿ, ಲೈಸೋಜೈಮ್ ಬಗ್ಗೆ ಲೋಕಕ್ಕೆ ತಿಳಿಸಿದ್ದು ಆ ಪೆನಿಸಿಲಿನ್ ಕಂಡುಹಿಡಿದ ಅದೇ ಅಲೆಕ್ಸಾಂಡರ್ ಫ್ಲೆಮಿಂಗ್. ಅವನಿಗೆ ಅದರ ಸುಳಿವು ಸಿಕ್ಕಿದ್ದು ನೆಗಡಿಯ ಸಿಂಬಳದಲ್ಲಿ. ಅವನು ಒರೆಸಿ ಬಿಸಾಡುವುದನ್ನು ಇಟ್ಟು ನೋಡಿದ. ನಮ್ಮವರು ಇಟ್ಟುಕೊಳ್ಳಬೇಕಾದ್ದನ್ನು ಒರೆಸಿ ಬಿಸಾಡಿದರು.

ಇನ್ನು ಅದೇ ಲೋಳೆಯಲ್ಲಿರುವ ಪೆಪ್ಟೈಡ್‌ಗಳು, ಅಂದರೆ ಪುಟ್ಟ ಪ್ರೋಟೀನ್ ತುಣುಕುಗಳು. ಧನ ವಿದ್ಯುದಂಶ ಹೊತ್ತ ಇವು ಋಣ ವಿದ್ಯುದಂಶದ ಬ್ಯಾಕ್ಟೀರಿಯಾ ಪೊರೆಗೆ ಅಂಟಿಕೊಂಡು ಅದನ್ನೇ ತೂತು ಮಾಡುತ್ತವೆ. ವಿಂಟರ್ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಲೋಳೆಯಲ್ಲಿ 1997ರಲ್ಲಿ ಸಿಕ್ಕ ಪ್ಲ್ಯೂರೋಸಿಡಿನ್ ಎಂಬ ಇಂಥ ಪೆಪ್ಟೈಡ್‌ನಲ್ಲಿ ಇರುವುದು ಬರೀ 25 ಅಮೈನೋ ಆಮ್ಲ. ಒಂದು ಜಾತಿಯ ಕ್ಯಾಟ್‌ಫಿಶ್ ಅಂತೂ ಚರ್ಮಕ್ಕೆ ಗಾಯವಾದರೆ ಡಿಎನ್‌ಎ ಸುತ್ತಿಡುವ ತನ್ನ ಹಿಸ್ಟೋನ್ ಪ್ರೋಟೀನನ್ನೇ ತುಂಡರಿಸಿ ಪ್ಯಾರಸಿನ್ ಎಂಬ ಮದ್ದು ಮಾಡಿಕೊಳ್ಳುತ್ತದೆ. ಇದಕ್ಕೆ ಯಾರ ಚೀಟಿಯೂ ಬೇಕಿಲ್ಲ.

ಮೀನಿಗೆ ಇಂಥ ಹುಣ್ಣು ತರಬಲ್ಲ ಏರೋಮೊನಾಸ್ ಬ್ಯಾಕ್ಟೀರಿಯಾ ಕೊಳದ ನೀರಿನಲ್ಲಿ ಯಾವತ್ತೂ ಇರುವಂಥದ್ದೇ. ಲೋಳೆ ಕಿತ್ತು, ಚರ್ಮ ಗೀರಿದರೆ ಅದಕ್ಕೆ ಬಾಗಿಲು ತೆರೆದುಕೊಟ್ಟ ಹಾಗೆ. ಮೇಲಿಂದ ಮೇಲೆ ಆ್ಯಂಟಿಬಯಾಟಿಕ್ ಸುರಿದರೆ ಔಷಧಕ್ಕೆ ಬಗ್ಗದ ತಳಿಗಳು ಉಳಿದು ಬೆಳೆಯುತ್ತವೆ. ಆಗ ನಿಜವಾಗಿ ಕಾಯಿಲೆ ಬಂದ ದಿನ ಏನು ಹಾಕೋಣ, ಫೋಟೊನೇ?

ಕೈ ಒದ್ದೆ ಮಾಡಿಕೊಳ್ಳಿ. ಬಲೆ ಒದ್ದೆ ಮಾಡಿ. ಒಣ ಬಟ್ಟೆ ಮುಟ್ಟಿಸಬೇಡಿ. ಪರೀಕ್ಷೆ ಇಲ್ಲದೆ ಔಷಧ ಬರೆಯಬೇಡಿ. ಒಂದೇ ಪುಟದ ಆದೇಶ ಸಾಕು, ಬಜೆಟ್ ಬೇಕಿಲ್ಲ, ಸಮಿತಿ ಬೇಕಿಲ್ಲ. ಕರಡು ಬೇಕಾದರೆ ನಾನೇ ಬರೆದುಕೊಡುತ್ತೇನೆ. ಮುಂದಿನ ತಪಾಸಣೆಗೆ ಬರುವವರು ಅದರ ಪ್ರತಿ ತರಲಿ, ಇಲ್ಲದಿದ್ದರೆ ಕೊಳದ ಗೇಟು ತೆಗೆಯುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೀನು ಸಾಕಣೆದಾರ